ಮೊದಲ ಹತ್ತು ಪ್ಲೇಟು: ಕೊಡಗಿನ ಮನೆಯಲ್ಲಿ ರೆಕಾರ್ಡ್ ಸಂಗ್ರಹ ಶುರುಮಾಡುವುದು ಹೇಗೆ?

ರೆಕಾರ್ಡ್ ಪ್ಲೇಯರ್ ಕೊಂಡವರು ಮೊದಲು ಮಾಡುವ ಕೆಲಸ ಫೋನಿನಲ್ಲಿ ‘ಇರಲೇಬೇಕಾದ ನೂರು ಆಲ್ಬಂ’ ಎಂಬಂಥ ಪಟ್ಟಿ ಹುಡುಕುವುದು. ಅದರಲ್ಲಿ ಮೈಲ್ಸ್ ಡೇವಿಸ್, ಬೀಟಲ್ಸ್, ಪಿಂಕ್ ಫ್ಲಾಯ್ಡ್ ಎಲ್ಲರೂ ಇರುತ್ತಾರೆ. ಎಲ್ಲವೂ ದೊಡ್ಡ ಸಂಗೀತವೇ, ಅನುಮಾನವಿಲ್ಲ. ಆದರೆ ಆ ಪಟ್ಟಿ ಬರೆದವರು ಸುಪ್ರಭಾತ ಕೇಳುತ್ತಾ ಎದ್ದವರಲ್ಲ, ಪಿ.ಬಿ. ಶ್ರೀನಿವಾಸರ ದನಿ ರೇಡಿಯೊದಿಂದ ಬರುತ್ತಿರುವಾಗ ಕಾಫಿ ಕುಡಿದವರಲ್ಲ. ಗೋಣಿಕೊಪ್ಪದ ಒಂದು ಮನೆಗೆ ಬೇಕಾದ ಮೊದಲ ಹತ್ತು ಪ್ಲೇಟು ಅಲ್ಲಿ ಸಿಗುವುದಿಲ್ಲ.

ಪ್ಲೇಟು ಕೇಳುವ ಕ್ರಮವೇ ಬೇರೆ. ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷ. ಮುಂದಿನ ಹಾಡಿಗೆ ಹೋಗಬೇಕಾದರೆ ಎದ್ದು ಹೋಗಿ ಮುಳ್ಳು ಎತ್ತಿಡಬೇಕು. ಹಾಗಾಗಿ ಆಯ್ಕೆಗೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಈ ಬದಿಯನ್ನು ಮೊದಲಿಂದ ಕೊನೆಯವರೆಗೆ, ಮತ್ತೆ ಮತ್ತೆ, ಈ ಮನೆಯವರು ಕೇಳುತ್ತಾರೆಯೇ? ಹೌದು ಎಂದಾದರೆ ಮಾತ್ರ ದುಡ್ಡು ಕೊಡಿ.

ಅಂಗಡಿಗೆ ಮೊದಲು ಅಟ್ಟಕ್ಕೆ

ಕೊಡಗಿನಲ್ಲಿ ಸಂಗ್ರಹ ಶುರುವಾಗಬೇಕಾದ್ದು ಮನೆಯ ಅಟ್ಟದಿಂದ. ಎಸ್ಟೇಟ್ ಬಂಗಲೆಗಳಲ್ಲಿ, ಐನ್‌ಮನೆ ಎಂಬ ಕೊಡವರ ಹಿರೀಕರ ಮನೆಗಳಲ್ಲಿ, ಸೇನೆಯಲ್ಲಿದ್ದು ಊರೂರು ಸುತ್ತಿ ಬಂದವರ ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳು ಇನ್ನೂ ಉಳಿದಿವೆ. ನೆಂಟರನ್ನು ಕೇಳಿ. ಮನೆಯ ಹಿರಿಯರ ಬಳಿ ಕೂತು, ಅವರ ಮದುವೆಯ ಕಾಲಕ್ಕೆ ಯಾವ ಪ್ಲೇಟು ಹಾಕುತ್ತಿದ್ದರು ಎಂದು ವಿಚಾರಿಸಿ. ಒಂದೇ ಪೆಟ್ಟಿಗೆಯಲ್ಲಿ ಕನ್ನಡದ ಜೊತೆ ಹಿಂದಿ, ಮಲಯಾಳಂ, ತಮಿಳು, ಇಂಗ್ಲಿಷ್ ಕಂಡರೆ ಆಶ್ಚರ್ಯಪಡಬೇಡಿ; ಈ ಜಿಲ್ಲೆ ಬದುಕಿದ್ದೇ ಹಾಗೆ.

ಸಿಕ್ಕಿದ್ದನ್ನು ಮೂರು ಗುಂಪು ಮಾಡಿ. ಭಾರವಾಗಿದ್ದು, ಕೈಜಾರಿದರೆ ಗಾಜಿನಂತೆ ಒಡೆಯುವ ಹತ್ತಿಂಚಿನವು ನಿಮಿಷಕ್ಕೆ 78 ಸುತ್ತಿನ ವೇಗದವು. ಇವು ಅರಗಿನಿಂದ ಮಾಡಿದವು, ಬದಿಗೆ ಸುಮಾರು ಮೂರೇ ನಿಮಿಷ. ಏಳಿಂಚಿನ ಚಿಕ್ಕವು 45ರ ವೇಗದ ಇಪಿಗಳು. ನಮ್ಮ ಸಿನಿಮಾ ಹಾಡುಗಳು ಹೆಚ್ಚಾಗಿ ಬದಿಗೆರಡರಂತೆ ಇವುಗಳಲ್ಲೇ ಬಂದವು. ಹನ್ನೆರಡಿಂಚಿನವು ಎಲ್‌ಪಿ. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ತಂದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಈ ಪ್ಲೇಟು ಸಂಗೀತದ ಆಯುಸ್ಸನ್ನೇ ಬದಲಿಸಿತು. ಮೊದಲ ಹತ್ತನ್ನು ಇವುಗಳಿಂದಲೂ ಇಪಿಗಳಿಂದಲೂ ಆರಿಸಿ. 78ರವನ್ನು ಜೋಪಾನವಾಗಿ ನೆಟ್ಟಗೆ ನಿಲ್ಲಿಸಿಡಿ. ಅವುಗಳ ಗೆರೆ ಅಗಲ, ಅದಕ್ಕೆ ಬೇರೆಯೇ ಮುಳ್ಳು ಬೇಕು. ಎಲ್‌ಪಿಯ ಮುಳ್ಳಿನಲ್ಲಿ ನುಡಿಸಿದರೆ ಕರಕರ ಸದ್ದೇ ಹೆಚ್ಚು.

ಒಂದು ಬದಿ, ಒಂದು ರಾಗ

ಎಲ್‌ಪಿಯಿಂದ ನಿಜವಾಗಿ ಲಾಭವಾದದ್ದು ಶಾಸ್ತ್ರೀಯ ಸಂಗೀತಕ್ಕೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅಂಥವರು ಮೊದಮೊದಲು ರೆಕಾರ್ಡ್ ಮಾಡಿದ್ದು 78ರ ಪ್ಲೇಟುಗಳಿಗೆ. ಇಡೀ ರಾಗವನ್ನು ಮೂರು ನಿಮಿಷಕ್ಕೆ ಕಟ್ಟಬೇಕಿತ್ತು. ಆ ಬಿಗಿಯಲ್ಲೂ ಒಂದು ಚೆಲುವಿದೆ, ಆದರೆ ರಾಗ ಉಸಿರಾಡಲು ಎಲ್‌ಪಿ ಬರಬೇಕಾಯಿತು. ನಿಧಾನದ ಆಲಾಪದಿಂದ ಹೊರಟು ವೇಗದ ದ್ರುತ್‌ಗೆ ತಲುಪುವಷ್ಟರಲ್ಲಿ ಬದಿ ಮುಗಿಯುತ್ತದೆ; ಯಾರೂ ಮಧ್ಯೆ ಮುಳ್ಳು ಎತ್ತುವುದಿಲ್ಲ. ಅದಕ್ಕೇ ನನ್ನ ಹತ್ತರಲ್ಲಿ ಮೂರು ಜಾಗ ಹಿಂದೂಸ್ತಾನಿಗೆ.

ಮೊದಲನೆಯದು ‘ಕಾಲ್ ಆಫ್ ದಿ ವ್ಯಾಲಿ’. 1967ರಲ್ಲಿ ರೆಕಾರ್ಡ್ ಕಂಪನಿ ಎಚ್‌ಎಂವಿಗಾಗಿ ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್ ನುಡಿಸಿದ ಎಲ್‌ಪಿ ಇದು. ಕಾಶ್ಮೀರದ ಕಣಿವೆಯ ಕುರಿಗಾಹಿಯ ಒಂದು ದಿನವನ್ನು ಬೆಳಗಿನ ಅಹಿರ್ ಭೈರವದಿಂದ ಪಹಾಡಿಯವರೆಗೆ ಹೊತ್ತಿಗೆ ತಕ್ಕ ರಾಗಗಳಲ್ಲಿ ಹೇಳುತ್ತಾ ಹೋಗುತ್ತದೆ. ಬಿಡಿ ಬಿಡಿ ತುಣುಕು ಜೋಡಿಸಿದ್ದಲ್ಲ, ಆಲ್ಬಂ ಎಂದೇ ಯೋಚಿಸಿ ಮಾಡಿದ್ದು. ಶಾಸ್ತ್ರೀಯ ಸಂಗೀತದ ಗಂಧವಿಲ್ಲದವರನ್ನೂ ಹಿಡಿದು ಕೂರಿಸುತ್ತದೆ. ಬೆಟ್ಟದ ಸೀಮೆಯಲ್ಲಿ ಬೆಳೆದವರಿಗೆ ಇದರ ನಡಿಗೆ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ. ಬಹಳ ಮಾರಾಟವಾದದ್ದರಿಂದ ಹುಡುಕುವುದೂ ಕಷ್ಟವಲ್ಲ. ಎರಡನೆಯದು ಮನ್ಸೂರರ ಯಾವುದಾದರೂ ಎಲ್‌ಪಿ. ರಾಗ ಯಾವುದೆಂದು ಚೌಕಾಸಿ ಮಾಡಬೇಡಿ, ಗೀರಿಲ್ಲದ್ದು ಸಿಕ್ಕರೆ ಸಾಕು. ಮೂರನೆಯದು ಭೀಮಸೇನ ಜೋಶಿ. ಅವರ ಖಯಾಲ್ ಆದರೂ ಸರಿ, ದಾಸರ ಪದವಾದರೂ ಸರಿ. ಮನೆಯಲ್ಲಿ ಹಿರಿಯರಿದ್ದರೆ ದಾಸರ ಪದವನ್ನೇ ತನ್ನಿ, ಆಗ ಪ್ಲೇಯರ್ ಎಲ್ಲರದಾಗುತ್ತದೆ.

ನಾಲ್ಕನೆಯದು ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ವೆಂಕಟೇಶ ಸುಪ್ರಭಾತ’, 1963ರದ್ದು. ಇದರಲ್ಲಿ ಒಂದು ಎಚ್ಚರ ಬೇಕು. ಹಳೆಯ ಪ್ರತಿ ಎಲ್ಲೆಡೆ ಸಿಗುತ್ತದೆ, ಆದರೆ ದಿನಾ ಬೆಳಗ್ಗೆ ನುಡಿದು ಸವೆದಿರುತ್ತದೆ. ಜನ ಅತಿಯಾಗಿ ಪ್ರೀತಿಸಿದ ಪ್ಲೇಟುಗಳೆಲ್ಲದರ ಪಾಡೂ ಇದೇ. ಕೇಳಿ ನೋಡದೆ ಕೊಳ್ಳಬೇಡಿ. ಐದನೆಯದಾಗಿ ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅಥವಾ ಪಿಟೀಲು ಚೌಡಯ್ಯ, ಯಾರು ಮೊದಲು ಸಿಕ್ಕರೆ ಅವರು.

ಸಿನಿಮಾ ಹಾಡಿನ ಮೂರು

ಇಲ್ಲಿ ಆಸೆ ಹದ್ದುಮೀರುತ್ತದೆ. ಮೂರಕ್ಕೇ ನಿಲ್ಲಿಸಿ, ಮೂವರು ಬೇರೆ ಬೇರೆ ಸಂಗೀತ ನಿರ್ದೇಶಕರನ್ನು ತೆಗೆದುಕೊಳ್ಳಿ. ವಿಜಯಭಾಸ್ಕರ್ ಅವರಿಂದ ‘ಶರಪಂಜರ’. ಪಿ.ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲಾ ಹಾಡಿದ ‘ಕೊಡಗಿನ ಕಾವೇರಿ’ ಇರುವ ಪ್ಲೇಟು ಕೊಡಗಿನ ಮನೆಯಲ್ಲಿ ಇಲ್ಲದಿದ್ದರೆ ಹೇಗೆ? ರಾಜನ್-ನಾಗೇಂದ್ರ ಅವರಿಂದ 1974ರ ‘ಎರಡು ಕನಸು’. ವಾಣಿ ಜಯರಾಂ ಮತ್ತು ಪಿ.ಬಿ.ಎಸ್. ದನಿಗಳು ಇದರಲ್ಲಿ ಕೂಡಿಕೊಂಡ ಬಗೆಯನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಬೇಕು. ಜಿ.ಕೆ. ವೆಂಕಟೇಶ್ ಅವರಿಂದ 1979ರ ‘ಹುಲಿಯ ಹಾಲಿನ ಮೇವು’. ಇದರ ಮೂಲ ಮಡಿಕೇರಿಯ ಭಾರತೀಸುತರ ಕಾದಂಬರಿ, ಕಥೆಯ ನೆಲವೂ ಕೊಡಗು, ‘ಬೆಳದಿಂಗಳಾಗಿ ಬಾ’ ಹಾಡಿದವರು ಸ್ವತಃ ರಾಜ್‌ಕುಮಾರ್. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ‘ಯಾರೇ ಕೂಗಾಡಲಿ’ ಹಾಡುವ ತನಕ ತೆರೆಯ ಮೇಲೆ ಅವರಿಗೆ ಬಹುಪಾಲು ದನಿಯಾಗಿದ್ದವರು ಪಿ.ಬಿ.ಎಸ್. ಹಾಗಾಗಿ ‘ಎರಡು ಕನಸು’, ‘ಹುಲಿಯ ಹಾಲಿನ ಮೇವು’ ಎರಡನ್ನೂ ಒಂದೇ ಸಂಜೆ ಕೇಳಿದರೆ ಕನ್ನಡ ಸಿನಿಮಾ ಹಾಡಿನ ಒಂದು ದೊಡ್ಡ ತಿರುವು ಕಿವಿಗೇ ತಿಳಿಯುತ್ತದೆ.

ಇಪಿ ಕೊಳ್ಳುವಾಗ ಹಿಂಬದಿಯ ಹಾಡಿನ ಪಟ್ಟಿ ಓದಿ. ಚಿತ್ರದಲ್ಲಿ ಆರು ಹಾಡಿದ್ದು ಇಪಿಯಲ್ಲಿ ನಾಲ್ಕೇ ಇರಬಹುದು, ನಿಮಗೆ ಬೇಕಾದದ್ದೇ ಬಿಟ್ಟುಹೋಗಿರಬಹುದು. ಎಚ್‌ಎಂವಿ ಎಲ್‌ಪಿಯ ಸಂಖ್ಯೆಯ ಮುಂದೆ ‘ಇಸಿಎಸ್‌ಡಿ’ ಎಂದಿದ್ದರೆ ಅದು ಸ್ಟೀರಿಯೊ, ‘ಇಸಿಎಲ್‌ಪಿ’ ಎಂದಿದ್ದರೆ ಮೊನೊ. ಮೊನೊ ಎಂದು ಕೆಳಗಿಡಬೇಡಿ. ಹಳೆಯ ಹಾಡುಗಳಿಗೆ ಅದೇ ಸಹಜ.

ಕೆಲವನ್ನು ಪ್ಲೇಟಿನಲ್ಲಿ ಹುಡುಕಿ ದಣಿಯಬೇಡಿ. ಭಾವಗೀತೆ ಮನೆಮನೆಗೆ ಹೋದದ್ದು 1978ರ ‘ನಿತ್ಯೋತ್ಸವ’ದಿಂದ, ಅದು ಕ್ಯಾಸೆಟ್. ಕೊಡಗಿನವರೆಲ್ಲ ಕೇಳುವ ‘ಮಡಿಕೇರಿ ಸಿಪಾಯಿ’ ಇರುವ ‘ಮುತ್ತಿನ ಹಾರ’ ಬಂದದ್ದು 1990ರಲ್ಲಿ, ಆಗ ಕ್ಯಾಸೆಟ್ಟಿನದೇ ರಾಜ್ಯ.

ಉಳಿದ ಎರಡರಲ್ಲಿ ಒಂದು ಮನೆಯ ಇನ್ನೊಂದು ಭಾಷೆಗೆ. ವಿರಾಜಪೇಟೆ ಕಡೆಯವರಿಗೆ ಸಲೀಲ್ ಚೌಧರಿ ಸಂಗೀತದ 1965ರ ಮಲಯಾಳಂ ಚಿತ್ರ ‘ಚೆಮ್ಮೀನ್’ ಆಗಬಹುದು. ಹತ್ತನೆಯದು ಹೊರನಾಡಿನದು. ಮೊದಲು ಹೇಳಿದ ಆ ನೂರರ ಪಟ್ಟಿ ಈಗ ತೆರೆಯಿರಿ. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಒಂದನ್ನೇ ಆರಿಸಿದರೂ ನಷ್ಟವಿಲ್ಲ.

ಕೊಳ್ಳುವ ಹೊತ್ತಿನಲ್ಲಿ

ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸಂಡೆ ಬಜಾರ್ ಸುತ್ತಿ. ಇಲ್ಲೇ ಕುಶಾಲನಗರ, ಮಡಿಕೇರಿಯ ಗುಜರಿಯವರಿಗೂ ಹೇಳಿಟ್ಟಿರಿ, ಮನೆ ಖಾಲಿ ಮಾಡುವವರ ಪೆಟ್ಟಿಗೆ ಮೊದಲು ಹೋಗುವುದು ಅವರಲ್ಲಿಗೆ. ಪ್ಲೇಟನ್ನು ಕವರಿನಿಂದ ತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲಿನಂಥ ಗೆರೆಗಳು ಅಷ್ಟೇನೂ ಕೇಳಿಸುವುದಿಲ್ಲ. ಉಗುರಿಗೆ ತಾಗುವ ಗೀರು ಇದ್ದರೆ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ, ಇಲ್ಲವೇ ಮುಳ್ಳು ಹಾರುತ್ತದೆ. ಕಣ್ಣಿನ ಮಟ್ಟಕ್ಕೆ ತಂದು ಅಂಚು ನೋಡಿ, ಸೊಟ್ಟಗಾಗಿದ್ದರೆ ಬಿಟ್ಟುಬಿಡಿ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಗೀಚುಗಳು ಕಿಕ್ಕಿರಿದಿದ್ದರೆ ಪ್ಲೇಟು ಬಹಳ ಓಡಿದೆ ಎಂದರ್ಥ. ಕವರ್ ಚೆಂದವಿದೆ ಎಂದು ಸವೆದ ಪ್ಲೇಟಿಗೆ ಬೆಲೆ ಕೊಡಬೇಡಿ. ಹರಿದ ಕವರಿನೊಳಗೆ ಹೊಳೆಯುವ ಪ್ಲೇಟಿದ್ದರೆ ಎರಡನೇ ಮಾತಿಲ್ಲದೆ ತನ್ನಿ.

ಯಂತ್ರದ ಬಗ್ಗೆ ಎರಡು ಮಾತು. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳಿನ ಭಾರ ಹೆಚ್ಚು, ಪ್ಲೇಟು ಬೇಗ ಸವೆಯುತ್ತದೆ. ಭಾರವನ್ನು ಎರಡು ಗ್ರಾಂ ಆಸುಪಾಸಿಗೆ ಹೊಂದಿಸಬಲ್ಲದ್ದನ್ನು ಕೊಳ್ಳಿ. ಅಮೆರಿಕದಿಂದ ನೆಂಟರು ಹಳೆಯ ಪ್ಲೇಯರ್ ತಂದುಕೊಟ್ಟರೆ ವೋಲ್ಟೇಜ್ ಜೊತೆಗೆ ಹರ್ಟ್ಸ್ ಕೂಡ ನೋಡಿ. ಅಲ್ಲಿನ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಆ ಕಾಲದ ಎಸಿ ಮೋಟಾರು ಇಲ್ಲಿ ನಿಧಾನವಾಗಿ ತಿರುಗಿ ಸುಶೀಲಾ ಅವರ ದನಿ ಗಂಡಸಿನದಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಕಕ್ಕಡದ ಮಳೆಯಲ್ಲಿ ಉಳಿಸಿಕೊಳ್ಳುವುದು

ಕಕ್ಕಡ ಎಂದರೆ ಕೊಡವರ ಮಳೆಗಾಲದ ತಿಂಗಳು. ಬಯಲುಸೀಮೆಯವರು ಬರೆದ ಸಲಹೆಗಳು ಇಲ್ಲಿ ಸಾಲವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿದು. ಎಲ್‌ಪಿ, ಇಪಿಗಳನ್ನು ಮಾಡಿರುವ ವಿನೈಲ್ ಎಂಬ ಪ್ಲಾಸ್ಟಿಕ್ ನೀರು ಹೀರುವುದಿಲ್ಲ. ಹೀರುವುದು ರಟ್ಟಿನ ಕವರ್ ಮತ್ತು ಒಳಗಿನ ಕಾಗದ. ಬೂಷ್ಟು ಹುಟ್ಟುವುದು ಅಲ್ಲಿ, ಮತ್ತು ಬೆರಳಿನ ಜಿಡ್ಡು, ಧೂಳು ಕೂತಲ್ಲಿ. ಪ್ಲೇಟನ್ನು ಅಂಚು ಮತ್ತು ಲೇಬಲ್ ಮುಟ್ಟಿಯೇ ಹಿಡಿಯಿರಿ. ಕಬಾಟನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಜಾಗ ಬಿಡಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳಿನದಾದರೆ ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ತೇವವಿರುವಾಗ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಬೇಡಿ, ತೇವ ಒಳಗೇ ಕೂತುಬಿಡುತ್ತದೆ.

ಮಳೆ ಬಿಟ್ಟ ಕೂಡಲೇ ಎಲ್ಲವನ್ನೂ ಕಣಕ್ಕೆ ಹರಡಿ ಒಣಗಿಸುವ ಅಭ್ಯಾಸ ನಮಗಿದೆ. ಪ್ಲೇಟಿಗೆ ಅದು ಸಲ್ಲದು. ಬಿಸಿಲಿಗೆ ವಿನೈಲ್ ಮೆತ್ತಗಾಗಿ ಬಾಗುತ್ತದೆ, ಮತ್ತೆ ನೇರವಾಗುವುದಿಲ್ಲ. ಒಲೆಯ ಮೇಲಿನ ಅಟ್ಟ, ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಕೂಡ ಬೇಡ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಣಗಿಸಿ.

ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೊದಲು ಒಣ ಕುಂಚದಿಂದ ಒರೆಸಿ. ಬಳಿಕ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಸುತ್ತಿನ ದಿಕ್ಕಿನಲ್ಲೇ ಒರೆಸಿ, ಬರಿ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆಯಿರಿ. ಲೇಬಲ್ ನೆನೆಯಬಾರದು. 78ರ ಪ್ಲೇಟಿಗೆ ಸ್ಪಿರಿಟ್ ಅಥವಾ ಆಲ್ಕೊಹಾಲ್ ಇರುವ ಯಾವುದನ್ನೂ ಹಚ್ಚಬೇಡಿ. ಅರಗು ಅದರಲ್ಲಿ ಕರಗುತ್ತದೆ, ಹಾಡು ಶಾಶ್ವತವಾಗಿ ಹೋಗುತ್ತದೆ.

ಆ ಪೆಟ್ಟಿಗೆಯಲ್ಲಿ ಕೊಡವ ಪ್ಲೇಟು ಸಿಕ್ಕರೆ

ಅಟ್ಟದಲ್ಲಿ ಕೊಡವ ತಕ್ಕಿನ (ಕೊಡವ ಭಾಷೆಯ) ಹಾಡು, ದುಡಿ ಬಡಿದು ಹಾಡುವ ದುಡಿಯ ಪಾಟ್ ಅಥವಾ ವಾಲಗ ಮುದ್ರಣವಾದ ಪ್ಲೇಟು ಕಂಡುಬಂದರೆ ಅದನ್ನು ಈ ಹತ್ತರ ಲೆಕ್ಕಕ್ಕೆ ಸೇರಿಸಬೇಡಿ. ಕುತೂಹಲಕ್ಕೆಂದು ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳು ಇಳಿಸಲೂ ಬೇಡಿ. ಒಂದೊಂದು ಸಲ ನುಡಿದಾಗಲೂ ಅದು ಗೆರೆಯನ್ನು ಒಂದಿಷ್ಟು ಕೆತ್ತಿಕೊಂಡೇ ಹೋಗುತ್ತದೆ. ಎರಡೂ ಬದಿಯ ಲೇಬಲ್ಲಿನ ಫೋಟೊ ತೆಗೆದು, ಹಾಡಿದವರ ಹೆಸರು, ಸಂಖ್ಯೆ ಬರೆದಿಡಿ. 78ರ ಮುಳ್ಳು ಇರುವ ಒಳ್ಳೆಯ ಯಂತ್ರದಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವವರನ್ನು ಹುಡುಕಿ. ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿಗೆ, ಆಕಾಶವಾಣಿ ಕೇಂದ್ರಕ್ಕೆ ವಿಷಯ ತಿಳಿಸಿ. ಪ್ಲೇಟು ನಿಮ್ಮ ಮನೆಯಲ್ಲೇ ಇರಲಿ, ಹಾಡಿನ ಒಂದೊಂದು ಪ್ರತಿ ಅವರಿಗೂ ನಿಮ್ಮ ಒಕ್ಕದವರಿಗೂ, ಅಂದರೆ ಕುಟುಂಬದವರಿಗೂ, ಹೋಗಲಿ.