ಪಿಂಗ್‌ಗೆ ಉತ್ತರ ಬರುತ್ತದೆ, ಫೈಲ್ ಮಾತ್ರ ಹೋಗುವುದಿಲ್ಲ: ನನ್ನ ಅನುಭವ

ಸ್ನಾತಕೋತ್ತರ ತರಗತಿಯ ನೆಟ್‌ವರ್ಕ್ ಪ್ರಯೋಗಕ್ಕಾಗಿ ಎರಡು ರೂಟರ್‌ಗಳ ನಡುವೆ ಜಿಆರ್‌ಇ ಟನಲ್ (ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಸಾಗಿಸುವ ಕೊಳವೆ) ಹಾಕಿದ್ದೆವು. ಪಿಂಗ್ (ಆ ತುದಿ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಸಲೀಸು, ಫೈಲ್ ಸಾಗಿಸುವ ಟಿಸಿಪಿ ಸಂಪರ್ಕವೂ ಏರ್ಪಡುತ್ತಿತ್ತು. ದೊಡ್ಡ ಫೈಲ್ ಕಳುಹಿಸಿದೊಡನೆ ಎಲ್ಲವೂ ಸ್ತಬ್ಧ.

ಪ್ಯಾಕೆಟ್‌ಗಳನ್ನು ಸೆರೆಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದರೆ 1500 ಬೈಟ್‌ನ ಒಂದೇ ಪ್ಯಾಕೆಟ್ ಮತ್ತೆ ಮತ್ತೆ ಹೊರಡುತ್ತಿತ್ತು. ನಡುವಿನ ಅಂತರ ಪ್ರತಿ ಸಲವೂ ಹೆಚ್ಚುಕಡಿಮೆ ಇಮ್ಮಡಿ. ಹೆಡರ್‌ನಲ್ಲಿ ‘ತುಂಡು ಮಾಡಬೇಡ’ ಎಂಬ ಡಿಎಫ್ ಬಿಟ್ 1. ಅನುಮಾನ ಎಂಟಿಯು (ತುಂಡಾಗದೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಹೋಯಿತು. ಡಿಎಫ್ ಇಟ್ಟು ಪಿಂಗ್ ಮಾಡಿದೆ: 1472 ಬೈಟ್‌ಗೆ ಉತ್ತರವಿಲ್ಲ, 1448ಕ್ಕೆ ತಕ್ಷಣ ಬಂತು. ಲೆಕ್ಕ ಸರಿಹೋಯಿತು: 1500ರಲ್ಲಿ ಟನಲ್ 24 ಬೈಟ್ ತಿನ್ನುತ್ತದೆ, ಉಳಿಯುವುದು 1476, ಅದರಲ್ಲಿ ಐಪಿ ಮತ್ತು ಐಸಿಎಂಪಿ (ಪಿಂಗ್ ಹಾಗೂ ದೋಷ ಸೂಚನೆಗಳನ್ನು ಒಯ್ಯುವ ವ್ಯವಸ್ಥೆ) ಹೆಡರ್‌ಗಳಿಗೆ 28.

ಹಾಗಾದರೆ ‘ಪ್ಯಾಕೆಟ್ ದೊಡ್ಡದಾಯಿತು, ತುಂಡು ಮಾಡಬೇಕು’ ಎಂದು ರೂಟರ್ ದೂರಬೇಕಿತ್ತಲ್ಲ? ದೂರಿತ್ತು. ಆ ಐಸಿಎಂಪಿ ಸಂದೇಶವನ್ನು (ಟೈಪ್ 3, ಕೋಡ್ 4) ಫೈರ್‌ವಾಲ್ ನುಂಗಿತ್ತು. ಎಕೋ (ಪಿಂಗ್‌ನ ಪ್ರಶ್ನೆ-ಉತ್ತರ) ಬಿಟ್ಟು ಉಳಿದ ಐಸಿಎಂಪಿಗೆಲ್ಲ ಅಲ್ಲಿ ತಡೆ. ಸುರಕ್ಷತೆಯ ಹೆಸರಿನ ಈ ಅತಿ ಮಡಿವಂತಿಕೆ ನನಗೆ ಒಪ್ಪಿಗೆಯಿಲ್ಲ.

ಆ ಒಂದು ಸಂದೇಶಕ್ಕೆ ದಾರಿ ಬಿಟ್ಟೆ, ಫೈಲ್ ಹರಿಯಿತು. ಫೈರ್‌ವಾಲ್ ನಿಮ್ಮ ಹಿಡಿತದಲ್ಲಿಲ್ಲದಿದ್ದರೆ ಟನಲ್ ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು (ಹೆಡರ್‌ಗಳನ್ನು ಬಿಟ್ಟು ಒಂದು ಪ್ಯಾಕೆಟ್ ಒಯ್ಯುವ ಗರಿಷ್ಠ ದತ್ತಾಂಶ) 1436ಕ್ಕೆ ಇಳಿಸಿ. ಸಂಪರ್ಕ ಏರ್ಪಡಿಸದೆಯೇ ಕಳುಹಿಸುವ ಯುಡಿಪಿಗೆ ಮಾತ್ರ ಈ ಉಪಾಯ ನಡೆಯದು.