ಬಾಲಸೈನಿಕರ ಬಗ್ಗೆ ಹೈಸ್ಕೂಲ್ ಮಕ್ಕಳ ಹತ್ರ ಮಾತಾಡೋದು ಹೇಗೆ

ಫೆಬ್ರವರಿ 12 ಬಾಲಸೈನಿಕರನ್ನು ಬಳಸೋದರ ವಿರುದ್ಧದ ದಿನ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮೀಡಿಯಂ ಶಾಲೆಯ ಟೀಚರುಗಳು, ಮಾಷ್ಟ್ರುಗಳು, ಗ್ರಂಥಾಲಯದವರು ಇದನ್ನು ಮಾಡೋದಾದ್ರೆ ದಯವಿಟ್ಟು ಈ ದಿನದ ಗುರುತು ಅಂತ ಕೆಂಪು ಬಣ್ಣದಲ್ಲಿ ಅಂಗೈ ಅಚ್ಚು ಒತ್ತಿಸಿ ಫೋಟೋ ಗ್ರೂಪಿಗೆ ಹಾಕಿ ಮುಗಿಸ್ಬೇಡಿ, ಒಂದು ಗಂಟೆ ಕೂತು ಮಾತಾಡಿ. ಎಂಟನೇ ಕ್ಲಾಸಿಂದ ಮೇಲಿನವರು ಸಾಕು, ಯುಪಿ (ಐದರಿಂದ ಏಳನೇ ಕ್ಲಾಸಿನ) ಮಕ್ಕಳಿಗೆ ಬೇಡ.

ಒಂದೇ ದೇಶ ತಗೊಳ್ಳಿ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಒಳ್ಳೇದು, ಅಲ್ಲಿಯ ಅಂತರ್ಯುದ್ಧ 1991ರಿಂದ 2002ರ ತನಕ ನಡೀತು. ಮ್ಯಾಪಲ್ಲಿ ತೋರಿಸಿ, ಯೂಟ್ಯೂಬಿನ ಹೆಣದ ವಿಡಿಯೋ ಮಾತ್ರ ಖಂಡಿತ ಬೇಡ. ಹೋರಾಡೋ ಗುಂಪಿನವರು ಮಕ್ಕಳನ್ನೇ ಯಾಕೆ ಹಿಡಿದ್ರು ಅಂತ ಕೇಳೇ ಕೇಳ್ತಾರೆ. ಬಂದೂಕು ಹಗುರ, ಮಕ್ಕಳು ಹೇಳಿದ್ದು ಕೇಳ್ತಾರೆ, ಅಪ್ಪ ಅಮ್ಮನ್ನ ಕಳ್ಕೊಂಡವಕ್ಕೆ ಊಟಕ್ಕೂ ಬೇರೆ ದಾರಿ ಇಲ್ಲ, ಹೆದರಿಕೆ ಹೋಗೋಕೆ ಡ್ರಗ್ಸ್ ಬೇರೆ ಕೊಡ್ತಿದ್ರು. ಕೆಲವು ಮಕ್ಕಳ ಕೈಯಲ್ಲಿ ಅವರದ್ದೇ ಊರಿನವರ ಮೇಲೆ ಹಿಂಸೆ ಮಾಡಿಸಿದ್ರು, ಇನ್ನು ಅವ ವಾಪಸ್ ಮನೆಗೆ ಹೋಗೋ ಹಾಗಿಲ್ಲ ಅಂತ. ಇದನ್ನು ಹೇಳಿದ್ಮೇಲೆ ಸ್ವಲ್ಪ ಹೊತ್ತು ಸುಮ್ನಿರಿ, ಮಕ್ಕಳೇ ಮಾತಾಡ್ಲಿ.

ಆಮೇಲೆ ಕೇಳಿ: ಅಂಥ ಒಬ್ಬ ಹುಡುಗ ನಾಳೆ ನಮ್ಮ ಕ್ಲಾಸಿಗೆ ಸೇರಿದ್ರೆ ಯಾರು ಅವನ ಪಕ್ಕ ಕೂರ್ತೀರಿ?

ಅರ್ಧ ಗಂಟೆ ಇದಕ್ಕೇ ಇಡಿ. ಕೆಲವರು ಹೆದರಿಕೆ ಅಂತಾರೆ, ಅವರನ್ನು ಬೈಬೇಡಿ, ಅಲ್ಲಿಯ ಊರವರಿಗೂ ಹೆದರಿಕೆ ಇತ್ತು. 2002ರಿಂದ ಸಿಯೆರಾ ಲಿಯೋನಿನ ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರಿಗೆ ಕಂಡದ್ದು ಏನಂದ್ರೆ, ಮನೆಯವರು, ನೆರೆಕರೆಯವರು ಸೇರಿಸ್ಕೊಂಡ, ಶಾಲೆಗೆ ಹೋಗೋಕೆ ಆದ ಮಕ್ಕಳು ಹೆಚ್ಚು ಚೇತರಿಸ್ಕೊಂಡ್ರು, ಜನ ದೂರ ಇಟ್ಟವರಲ್ಲಿ ಸಿಟ್ಟು, ಬೇಸರ ಉಳೀತು. ತಪ್ಪಿಹೋದ ಪಾಠಕ್ಕೆ ಆರು ವರ್ಷದ ಪ್ರೈಮರಿಯನ್ನು ಮೂರು ವರ್ಷಕ್ಕೆ ಇಳಿಸಿದ ಕ್ಲಾಸುಗಳೂ ನಡೆದ್ವು. ಮೊಜಾಂಬಿಕಿನಲ್ಲಿ ಯುದ್ಧ ಮುಗಿದ ಮೇಲೆ ಊರಿನ ನಾಟಿ ವೈದ್ಯರು ಶುದ್ಧಿಯ ವಿಧಿ ಮಾಡಿ ಮಕ್ಕಳನ್ನು ಒಳಗೆ ಕರ್ಕೊಂಡ್ರು. ದೈವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕೋದನ್ನು ನೋಡಿದ ನಮ್ಮ ಮಕ್ಕಳಿಗೆ ಇದು ಬೇಗ ತಲೆಗೆ ಹೋಗ್ತದೆ, ಆದ್ರೆ ತಪ್ಪು ಆ ಮಗುವಿನದ್ದಲ್ಲ ಅಂತ ಕೂಡ್ಲೇ ಸೇರಿಸಿ ಹೇಳಿ. ಅದಕ್ಕೇ "ಎಂಥಾ ಗಟ್ಟಿ ಹುಡುಗ, ಎಲ್ಲಾ ತಡ್ಕೊಂಡ" ಅಂತ ಹೊಗಳಿ ನಿಲ್ಲಿಸ್ಬೇಡಿ, ತಡ್ಕೊಳ್ಳೋ ಶಕ್ತಿ ಅರ್ಧ ಅವನದ್ದು ಅರ್ಧ ಊರಿಂದು.

ಹುಡುಗಿಯರನ್ನು ಮರೀಬೇಡಿ. ಯುದ್ಧ ನಿಲ್ಲಿಸೋವಾಗ ಬಂದೂಕು ಒಪ್ಪಿಸಿದವರಿಗೆ ಮೊದ್ಲು ಸಹಾಯ ಅಂತ ಆದಾಗ ಕೈಯಲ್ಲಿ ಬಂದೂಕಿಲ್ಲದ ಎಷ್ಟೋ ಹುಡುಗಿಯರು ಲೆಕ್ಕಕ್ಕೇ ಬರ್ಲಿಲ್ಲ.

ಶಿಕ್ಷೆ ಯಾರಿಗೆ ಆಯ್ತು ಅಂತ ಕೇಳಿದ್ರೆ, ಸಿಯೆರಾ ಲಿಯೋನಿನ ವಿಶೇಷ ಕೋರ್ಟು ಮಕ್ಕಳ ಮೇಲೆ ಕೇಸು ಹಾಕ್ಲಿಲ್ಲ, ಬಂಡುಕೋರರಿಗೆ ನೆರವಾದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲು ಕೊಡ್ತು. ಇದೆಲ್ಲ ಆಫ್ರಿಕಾದ ಕಥೆ ಅಂತ ಯಾರಾದ್ರೂ ಅಂದ್ರೆ ಶ್ರೀಲಂಕಾದ ಎಲ್‌ಟಿಟಿಇ (ತಮಿಳು ಹುಲಿಗಳು ಅನ್ನೋ ಬಂಡುಕೋರ ಗುಂಪು) ಕೂಡ ಮಕ್ಕಳನ್ನು ಸೇರಿಸ್ಕೊಂಡಿತ್ತು ಅಂತ ಹೇಳಿ.

ಕೊನೆಗೆ ಒಂದು ಪ್ರ್ಯಾಕ್ಟಿಕಲ್ ವಿಷಯ, ಯಾವ್ದಾದ್ರೂ ಮಗು ಮಧ್ಯದಲ್ಲಿ ಅತ್ರೆ, ಎದ್ದು ಹೋದ್ರೆ ಎಲ್ಲರ ಎದುರು ಏನಾಯ್ತು ಅಂತ ಕೇಳ್ಬೇಡಿ, ಮನೆಯಲ್ಲೇ ಪೆಟ್ಟು ತಿನ್ನೋ ಮಕ್ಕಳೂ ಕ್ಲಾಸಲ್ಲಿ ಇರ್ತಾರೆ. ಆಮೇಲೆ ಆ ಮಗುವಿನ ಹತ್ರ ಬೇರೆ ಯಾರೂ ಇಲ್ಲದಾಗ ಮಾತಾಡಿ, ಕೌನ್ಸಿಲರ್ ಇದ್ರೆ ಅವರಿಗೆ ಹೇಳಿ, ಮಕ್ಕಳ ಸಹಾಯವಾಣಿಯ 1098 ನಂಬರನ್ನು ಬೋರ್ಡಲ್ಲಿ ಎಲ್ಲರಿಗೂ ಕಾಣೋ ಹಾಗೆ ಮೊದಲೇ ಬರೆದಿಡಿ.