ಟ್ಯಾಕ್ಸಿಯವರ ‘ಪಾಯಿಂಟು’ ಬಿಟ್ಟು ಶಿಮ್ಲಾ ನೋಡಿದ್ದು

ಶಿಮ್ಲಾಕ್ಕೆ ಹೋಗಿಬಂದ ನಮ್ಮ ಬೆಂಗಳೂರಿನ ನೆಂಟರನ್ನು ಕೇಳಿ ನೋಡಿ. ಕುಫ್ರಿಯ ಕುದುರೆ, ಗ್ರೀನ್ ವ್ಯಾಲಿಯಲ್ಲಿ ತೆಗೆಸಿಕೊಂಡ ಫೋಟೊ, ಮಾಲ್ ರೋಡಿನಲ್ಲಿ ಕೊಂಡ ಶಾಲು, ಅಷ್ಟೇ. ಊರಿನ ಸುದ್ದಿಯೇ ಇರುವುದಿಲ್ಲ. ಪ್ಯಾಕೇಜಿನವರು ಶಿಮ್ಲಾವನ್ನು ರಾತ್ರಿ ಮಲಗುವುದಕ್ಕೆ ಇಟ್ಟುಕೊಂಡು ಹಗಲೆಲ್ಲ ಕುಫ್ರಿಯಂಥ ಹೊರಗಿನ ‘ಪಾಯಿಂಟು’ಗಳಿಗೆ ಸುತ್ತಿಸುತ್ತಾರೆ. 1864ರಲ್ಲಿ ಬ್ರಿಟಿಷ್ ಇಂಡಿಯಾದ ಬೇಸಿಗೆ ರಾಜಧಾನಿಯಾದ ಊರನ್ನು ನೋಡುವ ರೀತಿಯೇ ಇದು? ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ಕುಫ್ರಿಯನ್ನು ಮೊದಲೇ ಕೈಬಿಟ್ಟೆ. ಊರೊಳಗೇ ಇದ್ದು, ಆದಷ್ಟೂ ನಡೆದು ನೋಡಿದೆವು.

ಹೋಗಿದ್ದು ಅಕ್ಟೋಬರ್ ಕೊನೆಯಲ್ಲಿ, ದಸರಾ ರಜೆಯ ಗಲಾಟೆ ಮುಗಿದ ಮೇಲೆ. ಮೇ-ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನೀರಿಗೂ ತತ್ವಾರ. 2018ರ ಬೇಸಿಗೆಯಲ್ಲಂತೂ ದಯವಿಟ್ಟು ಬರಬೇಡಿ ಎಂದು ಊರಿನವರೇ ಪ್ರವಾಸಿಗರನ್ನು ಕೇಳಿಕೊಂಡಿದ್ದರು. ಟ್ಯಾಂಕರಿಗೆ ಕಾದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲವೂ ಬೇಡ. 2023ರ ಆಗಸ್ಟಿನಲ್ಲಿ ಸಮ್ಮರ್ ಹಿಲ್ ಹತ್ತಿರ ಗುಡ್ಡ ಜರಿದು ಶಿವನ ದೇವಸ್ಥಾನವೇ ಕೊಚ್ಚಿಹೋಯಿತು, ರೈಲು ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು.

ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಕಾಲ್ಕಾಗೆ ಟ್ಯಾಕ್ಸಿ. ಪುರುಸೊತ್ತಿದ್ದವರಿಗೆ ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲಿದೆ. ಕಾಲ್ಕಾದಲ್ಲಿ ರಾತ್ರಿ ತಂಗಿ ಬೆಳಿಗ್ಗೆಯ ಪುಟ್ಟ ರೈಲು ಹತ್ತಿದೆವು. 1903ರಲ್ಲಿ ಶುರುವಾದ ದಾರಿ. ಉದ್ದ 96 ಕಿಲೋಮೀಟರ್, ಹಳಿಯ ಅಗಲ ಎರಡೂವರೆ ಅಡಿ, ದಾರಿಯುದ್ದಕ್ಕೂ ನೂರಕ್ಕೂ ಹೆಚ್ಚು ಸುರಂಗ. ಟ್ಯಾಕ್ಸಿಯಲ್ಲಾದರೆ ಬೇಗ ತಲುಪಬಹುದು, ಇದರಲ್ಲಿ ಐದು ಗಂಟೆಗೂ ಮೇಲೆ ಬೇಕು. ಆದರೂ ರೈಲೇ ವಾಸಿ. ಏರುತ್ತಾ ಏರುತ್ತಾ ಕಳ್ಳಿಗಿಡ ಹೋಗಿ ಪೈನ್, ಪೈನ್ ಹೋಗಿ ದೇವದಾರು ಬರುವುದನ್ನು ಕಿಟಕಿಯಲ್ಲೇ ನೋಡಬಹುದು, ಅಮ್ಮನಿಗೆ ತಲೆ ಸುತ್ತುವ ಭಯವೂ ಇಲ್ಲ. ಎಲ್ಲಕ್ಕಿಂತ ಉದ್ದದ ಸುರಂಗ ದಾಟಿದ ಕೂಡಲೇ ಬರೋಗ್ ನಿಲ್ದಾಣ. ಕರ್ನಲ್ ಬರೋಗ್ ಎಂಬ ಎಂಜಿನಿಯರ್ ಎರಡೂ ತುದಿಯಿಂದ ತೋಡಿಸಿದ ಸುರಂಗ ನಡುವೆ ಒಂದಕ್ಕೊಂದು ಸೇರಲೇ ಇಲ್ಲ, ಸರ್ಕಾರ ಒಂದು ರೂಪಾಯಿ ದಂಡ ಹಾಕಿತು, ಮಾನ ಹೋಯಿತೆಂದು ಆತ ಗುಂಡು ಹಾರಿಸಿಕೊಂಡ ಎಂದು ಅಲ್ಲಿ ಕಥೆ ಹೇಳುತ್ತಾರೆ. ಅಮ್ಮ ಕಟ್ಲೆಟ್ ತಿನ್ನುತ್ತಾ ಕೇಳಿಸಿಕೊಂಡು, “ಈಗಿನ ನಮ್ಮ ಫ್ಲೈಓವರಿನವರಿಗೆ ಅಷ್ಟು ಮಾನ ಇದ್ದಿದ್ದರೆ ಒಬ್ಬರೂ ಉಳೀತಿರಲಿಲ್ಲ ಕಣೇ” ಎಂದರು.

ರೂಮು ಹಿಡಿಯುವ ಮೊದಲು ಊರಿನ ಅಂತಸ್ತುಗಳು ತಿಳಿದಿರಬೇಕು. ಬಸ್ಸು, ಕಾರು ಓಡಾಡುವುದು ಕೆಳಗಿನ ಕಾರ್ಟ್ ರೋಡಿನಲ್ಲಿ. ಅದರ ಮೇಲೆ ಲೋವರ್ ಬಜಾರ್, ಅದರ ಮೇಲೆ ಮಾಲ್ ರೋಡು, ತುದಿಯಲ್ಲಿ ರಿಡ್ಜ್ ಎಂಬ ಬಯಲು. ಮಾಲ್‌ಗೆ ಪ್ರವಾಸಿಗರ ಗಾಡಿ ಬಿಡುವುದಿಲ್ಲ. “ಮಾಲ್‌ನಿಂದ ಐದೇ ನಿಮಿಷ” ಎಂದು ಹೋಟೆಲಿನವರು ಬರೆದಿದ್ದರೆ ಫೋನ್ ಮಾಡಿ ಮೆಟ್ಟಿಲು ಎಷ್ಟು ಎಂದು ಕೇಳಿ, ನಿಮಿಷದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಾನು ಹಾಗೆ ಕೇಳಿದಾಗ ಒಬ್ಬರು ಫೋನನ್ನೇ ಇಟ್ಟುಬಿಟ್ಟರು. ಕೊನೆಗೆ ಮಾಲ್ ಮಟ್ಟದಲ್ಲೇ, ಬಿಸಿಲು ಬೀಳುವ ಮಗ್ಗುಲಿನಲ್ಲಿ ರೂಮು ಸಿಕ್ಕಿತು. ಕಾರ್ಟ್ ರೋಡಿನಿಂದ ಮಾಲ್‌ಗೆ ಸರ್ಕಾರಿ ಲಿಫ್ಟ್ ಇದೆ. ಎರಡು ಹಂತದಲ್ಲಿ ಹತ್ತಿಸುತ್ತಾರೆ, ಸಾಲು ಇದ್ದೇ ಇರುತ್ತದೆ. ನಮ್ಮ ಎರಡು ಸೂಟ್‌ಕೇಸನ್ನು ಕಾಶ್ಮೀರದ ಹಮಾಲಿಯೊಬ್ಬರು ಹಗ್ಗದಲ್ಲಿ ಬಿಗಿದು ಬೆನ್ನಿಗೇರಿಸಿ, ನಾವು ಸಾಲಿನಲ್ಲಿರುವಾಗಲೇ ಮೆಟ್ಟಿಲು ಹತ್ತಿ ಹೋಗಿ ಮೇಲೆ ಬೀಡಿ ಸೇದುತ್ತಾ ಕಾಯುತ್ತಿದ್ದರು. ಕೂಲಿಯಲ್ಲಿ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಒಂದಿಡೀ ಬೆಳಿಗ್ಗೆ ವೈಸ್‌ರಾಯ್ ಬಂಗಲೆಗೆ ಇಟ್ಟುಕೊಳ್ಳಿ. ಸೋಮವಾರ ಬೇಡ, ಅಂದು ಬಾಗಿಲು ಹಾಕಿರುತ್ತದೆ. ಹೋಗುವಾಗ ಬಾಲೂಗಂಜ್ ಕಡೆಯ ಲೋಕಲ್ ಬಸ್ಸು ಹಿಡಿದೆವು, ಬರುವಾಗ ಚೌಡಾ ಮೈದಾನದ ದಾರಿಯಲ್ಲಿ ನಿಂತು ನಿಂತು ನಡೆದೆವು. 1888ರಲ್ಲಿ ಮುಗಿದ ಬೂದುಗಲ್ಲಿನ ಕಟ್ಟಡ, ಒಳಗೆಲ್ಲ ತೇಗ, ವಾಲ್‌ನಟ್ ಮರದ ಕೆತ್ತನೆ. 1945ರಲ್ಲಿ ಆಗಿನ ವೈಸ್‌ರಾಯ್ ವೇವೆಲ್ ನಮ್ಮ ನಾಯಕರನ್ನೆಲ್ಲ ಕರೆದು ಮಾತುಕತೆ ನಡೆಸಿದ್ದು ಇಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ರಾಷ್ಟ್ರಪತಿಗಳ ಬೇಸಿಗೆ ನಿವಾಸವಾಗಿದ್ದುದನ್ನು ರಾಧಾಕೃಷ್ಣನ್ ವಿದ್ವಾಂಸರಿಗೆ ಬಿಟ್ಟುಕೊಟ್ಟರು, 1965ರಿಂದ ಅದು ಉನ್ನತ ಅಧ್ಯಯನ ಸಂಸ್ಥೆ. ಟಿಕೆಟ್ ಕೊಂಡವರನ್ನು ಗೈಡ್ ಗುಂಪುಗುಂಪಾಗಿ ಒಳಗೆ ಕರೆದೊಯ್ಯುತ್ತಾರೆ, ಫೋಟೊ ತೆಗೆಯುವಂತಿಲ್ಲ. ಕಟ್ಟಡದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಎಂದು ಗೈಡ್ ಹೇಳಿದಾಗ ನಾನು ಅಮ್ಮನ ಕಿವಿಯಲ್ಲಿ, 1897ರಲ್ಲಿ ಮೈಸೂರಿನ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ಈಗಿನದನ್ನು ಕಟ್ಟಿದವರೂ ಇವರೇ ಎಂದೆ. ಅಮ್ಮ ತಲೆಯೆತ್ತಿ ಮೆಟ್ಟಿಲಿನ ಕಂಬದಿಂದ ಚಾವಣಿಯವರೆಗೆ ಒಮ್ಮೆ ಕಣ್ಣಾಡಿಸಿದರು. “ನಮ್ಮಲ್ಲಿಗೆ ಬರೋ ಹೊತ್ತಿಗೆ ಕೈ ಚೆನ್ನಾಗಿ ಪಳಗಿತ್ತು ಬಿಡು.” ಗುಂಪಿನಲ್ಲಿದ್ದ ಹುಬ್ಬಳ್ಳಿಯ ದಂಪತಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಊಟದವರೆಗೂ ಅವರು ನಮ್ಮ ಜೊತೆಯೇ.

ಜಾಖೂ ಬೆಟ್ಟದ ಹನುಮಂತನನ್ನು ಅಮ್ಮ ಬಿಡುವುದುಂಟೇ, ಬಸವನಗುಡಿಯ ಕಾರಂಜಿ ಆಂಜನೇಯನ ಭಕ್ತೆ. ಸಂಜೀವಿನಿ ತರಲು ಹೊರಟವನು ದಣಿವಾರಿಸಿಕೊಂಡ ಜಾಗವಂತೆ, ಈಗ 108 ಅಡಿಯ ಮೂರ್ತಿ ನಿಂತಿದೆ. ನಡೆದು ಹತ್ತುವುದು ಮಂಡಿನೋವಿನವರ ಕೈಲಾಗದ ಮಾತು, ರೋಪ್‌ವೇ ಇದೆ. ಕನ್ನಡಕವನ್ನು ಕೆಳಗೇ ಚೀಲದೊಳಗೆ ಹಾಕಿ ಜಿಪ್ ಎಳೆದುಬಿಡಿ. ನಮ್ಮ ಕಣ್ಣೆದುರೇ ಒಂದು ಕೋತಿ ಹಿಂದಿನಿಂದ ಹಾರಿ ಒಬ್ಬರ ಕನ್ನಡಕ ಕಿತ್ತುಕೊಂಡು ಕಂಬಿಯ ಮೇಲೆ ಕೂತಿತು. ಪ್ರಸಾದದ ಅಂಗಡಿಯವನು ಅವಸರವೇ ಇಲ್ಲದೆ ಒಂದು ಪೊಟ್ಟಣ ಎಸೆದ. ಅದು ಪೊಟ್ಟಣ ಹಿಡಿದು ಕನ್ನಡಕ ಬಿಟ್ಟಿತು. ಪೊಟ್ಟಣದ ದುಡ್ಡು ಕನ್ನಡಕದ ಯಜಮಾನನ ಲೆಕ್ಕಕ್ಕೆ. ವ್ಯಾಪಾರದಲ್ಲಿ ಇಬ್ಬರೂ ಪಾಲುದಾರರೋ ಏನೋ!

ಕ್ರೈಸ್ಟ್ ಚರ್ಚ್, ಗೇಯಿಟಿ ಥಿಯೇಟರ್ ಎಲ್ಲ ರಿಡ್ಜ್‌ನ ಅಕ್ಕಪಕ್ಕದಲ್ಲೇ, ಸಂಜೆ ತಿರುಗಾಡುವಾಗ ತಾವಾಗಿಯೇ ಸಿಗುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ಲೋವರ್ ಬಜಾರ್. ಊರಿನವರು ಬೇಳೆ, ಪಾತ್ರೆ, ಉಲ್ಲನ್ ಕೊಳ್ಳುವ ಓಣಿ. ಗಾರೆ ಉದುರಿದ ಕಡೆ ಹಳೇ ಗೋಡೆಯ ಒಡಲು ಕಾಣುತ್ತದೆ. ಮರದ ಚೌಕಟ್ಟು, ಅಡ್ಡಡ್ಡ ಪಟ್ಟಿ, ನಡುವೆ ಕಲ್ಲು ಮಣ್ಣು ತುಂಬಿದ ಧಜ್ಜಿ ಗೋಡೆ. ಭೂಮಿ ನಡುಗಿದರೆ ಚೌಕಟ್ಟು ಅಲುಗಾಡಿ ಪೆಟ್ಟು ತಾಳಿಕೊಳ್ಳುತ್ತದೆ. ಪಕ್ಕದಲ್ಲೇ ಕಡಿದಾದ ಇಳಿಜಾರಿಗೆ ಆರಂತಸ್ತಿನ ಕಾಂಕ್ರೀಟು ಅಂಟಿಸಿರುವುದನ್ನು ನೋಡಿದರೆ ಎದೆ ಝಲ್ ಎನ್ನುತ್ತದೆ.

ಊಟಕ್ಕೆ ಒಮ್ಮೆ ಸಿಡ್ಡು ಹೇಳಿ. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ವಾಲ್‌ನಟ್, ಗಸಗಸೆಯ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಡುತ್ತಾರೆ, ನಮ್ಮ ಕಡುಬಿನ ಅಣ್ಣನ ಹಾಗೆ. ಒಂದು ತಿಂದರೆ ಮಧ್ಯಾಹ್ನದ ಊಟ ಮುಗಿದಂತೆ. ಚಹಾದಿಂದ ಬಾಯಿ ಕೆಟ್ಟಿದ್ದರೆ ಮಾಲ್‌ನಲ್ಲಿ ಇಂಡಿಯನ್ ಕಾಫಿ ಹೌಸ್ ಇದೆ, ಚರ್ಚ್ ಸ್ಟ್ರೀಟಿನಲ್ಲಿರುವಂತೆಯೇ ಪೇಟ ಕಟ್ಟಿದ ಸರ್ವರ್‌ಗಳು. ಕಾಫಿ ಮಾತ್ರ ನಮ್ಮ ಫಿಲ್ಟರಿನದಲ್ಲ, ಆಸೆ ಇಟ್ಟುಕೊಳ್ಳಬೇಡಿ. ದೋಸೆ ಪರವಾಗಿಲ್ಲ.

ಇಳಿಯುವಾಗ ಟ್ಯಾಕ್ಸಿ ಮಾಡಿದೆವು. ಸಂಜೆಯ ವಿಮಾನವಿದ್ದರೆ ಪುಟ್ಟ ರೈಲನ್ನು ನಂಬಿ ಕೂರುವ ಹಾಗಿಲ್ಲ. ರಸ್ತೆ ಕೆಲಸಕ್ಕೆ, ಜಾಮಿಗೆ ಎಂದು ಎರಡು ಗಂಟೆ ಹೆಚ್ಚೇ ಇಟ್ಟುಕೊಂಡು, ಬೆಳಿಗ್ಗೆ ತಿಂಡಿ ಮುಗಿಸಿದ ಕೂಡಲೇ ಹೊರಟುಬಿಡಿ.